ವಸಡಿನ ಮೂರು ಹೊಲಿಗೆ

ಟೈಲರಮ್ಮನ ಮೇಲಿನ ಮುಂದಲ್ಲು ಮೂವತ್ತು ವರ್ಷ ಕತ್ತರಿಯ ಕೆಲಸ ಮಾಡಿತ್ತು. ಗುಂಡಿ ಹಚ್ಚಿ, ಗಂಟು ಹಾಕಿ, ಮುಖವನ್ನು ಬಟ್ಟೆಯತ್ತ ತಗ್ಗಿಸಿ ಕಟಕ್ಕೆಂದು ದಾರ ಕಡಿದರೆ ಅಲ್ಲಿಗೆ ಒಂದು ಅಂಗಿ ಮುಗಿಯಿತು. ಮನೆಯಲ್ಲಿ ಕತ್ತರಿ ಇಲ್ಲವೆಂದಲ್ಲ, ಮೂರಿದ್ದವು. ಆದರೆ ಕತ್ತರಿ ಯಾವಾಗಲೂ ಬಟ್ಟೆಯ ರಾಶಿಯಡಿ ಕಣ್ಣಾಮುಚ್ಚಾಲೆ ಆಡುತ್ತಿರುತ್ತದೆ, ಹಲ್ಲಾದರೆ ಇಟ್ಟ ಜಾಗದಲ್ಲೇ ಇರುತ್ತದೆ ಎಂಬುದು ಅವಳ ವಾದ.

ಆ ಹಲ್ಲು ಎರಡು ವರ್ಷದ ಹಿಂದೆ ಮೊದಲ ಸಲ ಮುನಿಸಿಕೊಂಡಿತ್ತು. ರೂಟ್ ಕೆನಾಲ್ ಮಾಡಿಸಿ, ಒಳಗೊಂದು ಕಡ್ಡಿ ಕೂರಿಸಿ, ಮೇಲೆ ಬೆಳ್ಳನೆಯ ಕ್ಯಾಪ್ ತೊಡಿಸಿದ್ದಾಯಿತು. ಟೈಲರಮ್ಮ ಒಂದು ವಾರ ರಜೆ ಕೊಟ್ಟು ಹಲ್ಲನ್ನು ಮತ್ತೆ ಕೆಲಸಕ್ಕೆ ಹಚ್ಚಿದಳು. ಈಗ ಅದರ ಬೇರಿನ ನೇರಕ್ಕೆ ವಸಡಿನ ಮೇಲೆ ಗುಂಡುಪಿನ್ನಿನ ತಲೆಯಷ್ಟು ಗುಳ್ಳೆ ಎದ್ದಿತ್ತು. ಒತ್ತಿದರೆ ಕೀವು.

ಅವಳು ಹೆದರಿದ್ದು ನೋವಿಗಲ್ಲ, ಬಟ್ಟಲಿಗೆ. ಬಸ್ ಡ್ರೈವರಾಗಿ ನಿವೃತ್ತನಾದ ಅವಳ ಗಂಡನಿಗೆ ಪೂರ್ತಿ ಕಟ್ಟಿಸಿದ ಹಲ್ಲು. ಮಲಗುವ ಮುಂಚೆ ಅವನ್ನು ತೆಗೆದು ವಾಷ್ ಬೇಸಿನ್ನಿನ ಮೇಲಿನ ಹಲಗೆಯಲ್ಲಿ ನೀಲಿ ಗಾಜಿನ ಬಟ್ಟಲಿಗೆ ಹಾಕುತ್ತಿದ್ದ. ಬೆಳಿಗ್ಗೆ ಕಣ್ಣುಜ್ಜಿಕೊಂಡು ಬಂದವರಿಗೆಲ್ಲ ಅವು ಹಲ್ಲು ಕಿರಿದು ಸ್ವಾಗತ ಕೋರುತ್ತಿದ್ದವು.

"ಪಕ್ಕದಲ್ಲಿ ಇನ್ನೊಂದು ಬಟ್ಟಲಿಗೆ ಜಾಗ ಇದೆ ಕಣೇ," ಎಂದ ಅವನು ಗುಳ್ಳೆ ನೋಡಿ. "ನಂದೂ ಒಂದರಿಂದಲೇ ಶುರುವಾಗಿದ್ದು. ಎರಡೂ ಸೆಟ್ ಮಾತಾಡ್ಕೊಂಡು ಬಿದ್ದಿರ್ಲಿ, ನಾವು ಹಾಯಾಗಿ ಮಲಗೋಣ."

"ನನ್ನ ಹಲ್ಲು ನನ್ನ ಬಾಯಲ್ಲೇ ಮಲಗುತ್ತೆ ರೀ," ಎಂದು ಟೈಲರಮ್ಮ ಚಪ್ಪಲಿ ಮೆಟ್ಟಿಕೊಂಡಳು. ಗಂಡನೂ ಹಿಂದೆಯೇ ಹೊರಟ. ತಮಾಷೆ ತಪ್ಪಿಸಿಕೊಳ್ಳುವ ಜಾಯಮಾನ ಅವನದಲ್ಲ.

ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮಾತು ಎಷ್ಟು ಮೆಲ್ಲಗೆಂದರೆ ಬಂದವರೆಲ್ಲ "ಆಂ?" ಎಂದು ಎರಡೆರಡು ಸಲ ಕೇಳಬೇಕಿತ್ತು. ಅವಳು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬೇರಿನ ತುದಿಯಲ್ಲಿದ್ದ ಕಪ್ಪು ಚುಕ್ಕೆ ತೋರಿಸಿದಳು. ಟೈಲರಮ್ಮ ನೋಡಿದ್ದು ಮಾತ್ರ ಬೇರೆಯದನ್ನು. ಡಾಕ್ಟರಮ್ಮನ ಬಿಳಿ ಕೋಟಿನ ಜೇಬಿನ ಮೂಲೆ ಬಿಚ್ಚಿಕೊಂಡು, ಬೆರಳುದ್ದದ ದಾರವೊಂದು ನೇತಾಡುತ್ತಿತ್ತು.

"ಕ್ಯಾಪ್ ಕಡೆಯಿಂದ ಮತ್ತೆ ಬಿಡಿಸೋಕೆ ಹೋದ್ರೆ ಆ ಕಡ್ಡಿ ಜೊತೆ ಬೇರೇ ಸೀಳಿಬಿಡಬಹುದು ಅಮ್ಮ," ಎಂದಳು ಡಾಕ್ಟರಮ್ಮ. "ಅದಕ್ಕೆ ವಸಡನ್ನ ಸ್ವಲ್ಪ ಬಿಡಿಸಿ, ಬೇರಿನ ತುದಿನ ಮೂರು ಮಿಲಿಮೀಟರ್ ಕತ್ತರಿಸಿ, ಸುತ್ತ ಕ್ಲೀನ್ ಮಾಡಿ, ಆ ಕಡೆಯಿಂದಲೇ ಸೀಲ್ ಮಾಡ್ತೀನಿ. ಆಮೇಲೆ ವಸಡಿಗೆ ಹೊಲಿಗೆ."

ಟೈಲರಮ್ಮನ ಮುಖ ಅರಳಿತು. "ಅಂದ್ರೆ ಕೋಟಿನ ಮೇಲ್ಬಟ್ಟೆ ಮುಟ್ಟದೆ, ಲೈನಿಂಗ್ ಬಿಚ್ಚಿ ಒಳಗಿಂದ ರಿಪೇರಿ."

"ಹೂಂ... ಹಾಗೇ ಅಂದ್ಕೊಳ್ಳಿ."

"ಎಷ್ಟು ಹೊಲಿಗೆ?"

"ಮೂರು."

"ಕೈಹೊಲಿಗೆ ತಾನೇ?"

ಡಾಕ್ಟರಮ್ಮ ಕಕ್ಕಾಬಿಕ್ಕಿಯಾದಳು. "ಇಲ್ಲ ಕಣೇ, ಬಾಯೊಳಗೆ ಮಿಷನ್ ಇಟ್ಟು ತುಳೀತಾರೆ," ಎಂದ ಗಂಡ.

"ಇನ್ನೊಂದು ವಿಷಯ ಅಮ್ಮ. ಕ್ಯಾಪ್ ಅಂಚಲ್ಲಿ ಸಣ್ಣ ಕಚ್ಚು ಬಿದ್ದಿದೆ. ಏನಾದ್ರೂ ಕಚ್ಚಿ ಎಳೀತೀರಾ? ದಾರ ಗೀರ?"

"ಛೆ ಛೆ! ಮನೇಲಿ ಮೂರು ಕತ್ತರಿ ಇದೆ ಡಾಕ್ಟ್ರಮ್ಮ."

"ಮೂರೂ ಇನ್ನೂ ಹೊಸದಾಗೇ ಇವೆ," ಎಂದು ಗಂಡ ಫ್ಯಾನಿಗೆ ಹೇಳಿದ.

ಶಸ್ತ್ರಚಿಕಿತ್ಸೆ ಮುಂದಿನ ವಾರ ನಡೆಯಿತು. ಸೂಜಿಮದ್ದಿಗೆ ಮೂಗಿನಿಂದ ಗಲ್ಲದವರೆಗೆ ಮುಖ ಬೇರೆ ಯಾರದೋ ಆದಂತಾಗಿತ್ತು. ಕೊರೆಯುವ ಸದ್ದಿಗೆ ಕಣ್ಣು ಮುಚ್ಚಿದ್ದ ಟೈಲರಮ್ಮ ಹೊಲಿಗೆಯ ಸರದಿ ಬಂದಾಗ ಪಟ್ಟನೆ ಕಣ್ಣು ಬಿಟ್ಟಳು. ಡಾಕ್ಟರಮ್ಮ ಹಾಕಿಕೊಂಡಿದ್ದ ದಪ್ಪ ಕನ್ನಡಕದ ಗಾಜಿನಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ಸೂಜಿ, ಕಪ್ಪು ರೇಷ್ಮೆಯ ದಾರ, ಎಲ್ಲವೂ ಚಿಕ್ಕದಾಗಿ ಕಾಣುತ್ತಿದ್ದವು. ಕೈ ಚುರುಕಾಗಿದೆ, ಒಂದೊಂದು ಹೊಲಿಗೆಯ ನಡುವಿನ ಅಂತರವೂ ಸಮ, ಪರವಾಗಿಲ್ಲ ಹುಡುಗಿ ಎಂದು ಅವಳು ಮನಸ್ಸಿನಲ್ಲೇ ಶಹಬ್ಬಾಸ್ ಹೇಳಿದಳು. ಆದರೆ ಗಂಟು ಹಾಕಿದ ಮೇಲೆ ಡಾಕ್ಟರಮ್ಮ ದಾರವನ್ನು ಕತ್ತರಿಸಿದ್ದು ಗಂಟಿನ ಬುಡಕ್ಕಲ್ಲ. ಮೂರು ಹೊಲಿಗೆಗೂ ಮೋಟು ಮೀಸೆಯಂಥ ತುದಿಗಳು ಉಳಿದುಬಿಟ್ಟವು.

"ಆಂ! ಆಂ!" ಎಂದು ಟೈಲರಮ್ಮ ಕೈಯೆತ್ತಿದಳು.

"ನೋವಾಯ್ತಾ ಅಮ್ಮ? ಮುಗೀತು ಮುಗೀತು," ಎಂದು ಡಾಕ್ಟರಮ್ಮ ಆ ಕೈಯನ್ನು ಮೃದುವಾಗಿ ಕೆಳಗಿಟ್ಟಳು. "ಈಗ ಹೇಳೋದು ಸರಿಯಾಗಿ ಕೇಳಿಸ್ಕೊಳ್ಳಿ. ಏಳು ದಿನ ಮೆತ್ತಗಿರೋದೇ ತಿನ್ನಿ. ಮುಖ್ಯವಾಗಿ, ತುಟಿ ಎತ್ತಿ ನೋಡ್ಕೋಬೇಡಿ. ಒಳಗೆ ಹೊಲಿಗೆ ಎಳೆಯುತ್ತೆ. ಆ ವಸಡು ಸರಿಯಾಗಿ ಕೂತರೆ ಹಲ್ಲು ಉಳಿಯುತ್ತೆ. ಇಲ್ಲ ಅಂದ್ರೆ ಕೀಳೋದೊಂದೇ ದಾರಿ."

ಮೊದಲನೆಯ ದಿನ ಟೈಲರಮ್ಮ ತುಟಿ ಎತ್ತಿ ನೋಡಲಿಲ್ಲ. ತುಟಿ ಅಷ್ಟು ಊದಿತ್ತು. ಎರಡನೆಯ ದಿನ ಎರಡೇ ಸಲ ನೋಡಿದಳು. ಮೂರನೆಯ ದಿನ ನಡುವಿನ ಹೊಲಿಗೆಯ ತುದಿ ತುಟಿಗೆ ಚುಚ್ಚತೊಡಗಿತು. ಚುಚ್ಚಿದ್ದಕ್ಕಿಂತ ಹೆಚ್ಚಾಗಿ ಅದು ಕಣ್ಣಿಗೆ ಕುಕ್ಕಿತು. ಎಳೆ ನೇತಾಡುವ ಬಟ್ಟೆಯನ್ನು ಈ ಜನ್ಮದಲ್ಲಿ ಗಿರಾಕಿಯ ಕೈಗೆ ಕೊಟ್ಟವಳಲ್ಲ ಅವಳು. ಈಗ ಅಂಥದ್ದನ್ನೇ ಬಾಯೊಳಗೆ ಇಟ್ಟುಕೊಂಡು ಕೂರುವುದೇ? ಪಾಪ, ಡಾಕ್ಟರಮ್ಮನಿಗೆ ಕೊನೆಯಲ್ಲಿ ಅವಸರವಾಗಿರಬೇಕು. ಹೇಳಿ ಯಾಕೆ ಅವಳ ಮನಸ್ಸು ನೋಯಿಸಲಿ?

ಗಂಡ ದಿನಪತ್ರಿಕೆ ತರಲು ಹೊರಗೆ ಹೋಗಿದ್ದ. ಟೈಲರಮ್ಮ ನೂಲು ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಅದ್ದಿದಳು, ಅಷ್ಟರಮಟ್ಟಿಗೆ ಅವಳು ಜವಾಬ್ದಾರಿಯವಳೇ. ಗಿರಾಕಿಗಳ ಕನ್ನಡಿಯ ಮುಂದೆ ನಿಂತು, ಎಡಗೈಯಲ್ಲಿ ತುಟಿ ಎತ್ತಿ, ಬಲಗೈಯಲ್ಲಿ ಕಟಕ್. ಗಂಟಿನ ಬುಡಕ್ಕೆ, ಒಂದು ಕೂದಲೆಳೆಯೂ ಉಳಿಯದಂತೆ. ಹಿಂದೆ ಸರಿದು ನೋಡಿದಳು. ಈಗ ಇದು ಹೊಲಿಗೆ!

ಮಧ್ಯಾಹ್ನ ಉಪ್ಪುನೀರು ಮುಕ್ಕಳಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿಂದೆಯೇ ಕೈ ತೊಳೆಯಲು ಬಂದ ಗಂಡ ಬೇಸಿನ್ನಿನಿಂದ ಕಪ್ಪು ದಾರದ ತುಣುಕೊಂದನ್ನು ಹೆಕ್ಕಿ ಹಿಡಿದ.

"ಇದ್ಯಾವ ಅಂಗಿದೇ?"

ಟೈಲರಮ್ಮ ತುಟಿ ಎತ್ತಿದಳು. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಅವಳ ವಸಡು ನಡುವೆ ಬಾಯಿ ಬಿಟ್ಟಿತ್ತು. ಕನ್ನಡಿಯ ಕೆಳಗೆ, ಹಲಗೆಯ ಮೇಲೆ, ನೀಲಿ ಬಟ್ಟಲು. ಅದರ ಪಕ್ಕದ ಖಾಲಿ ಜಾಗ ಇಷ್ಟು ದೊಡ್ಡದಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಗಂಡ ಆಟೋ ಕರೆದ. ಅವನು ತಮಾಷೆ ಮಾಡದೇ ಇದ್ದದ್ದೇ ಅವಳನ್ನು ಹೆಚ್ಚು ಹೆದರಿಸಿತು.

ಡಾಕ್ಟರಮ್ಮ ಬಾಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದಳು. ಉಳಿದೆರಡು ಹೊಲಿಗೆ ಗಟ್ಟಿಯಾಗಿದ್ದವು. ಆಮೇಲೆ ಗಂಡ ಕಾಗದದಲ್ಲಿ ಸುತ್ತಿ ತಂದಿದ್ದ ದಾರದ ತುಣುಕನ್ನು ನೋಡಿದಳು.

"ಇದು ತಾನಾಗಿ ಹರಿದಿದ್ದಲ್ಲ. ಎಷ್ಟು ನೀಟಾಗಿ ಕಟ್ ಆಗಿದೆ! ಯಾರು ಮಾಡಿದ್ದು?"

ಈ ಸಲ ಯಾರೂ "ಆಂ?" ಎನ್ನಬೇಕಾಗಲಿಲ್ಲ. 'ನೀಟು' ಎಂಬ ಮಾತಿಗೆ ಅರೆಕ್ಷಣ ಹಿಗ್ಗಿದ ಟೈಲರಮ್ಮ ಆಮೇಲೆ ಕುಗ್ಗಿಹೋದಳು.

"ಎಳೆ ಬಿಟ್ಟೋಗಿತ್ತು... ನೀವು ಮರೆತಿರಬೇಕು ಅಂತ..."

"ಅದು ರೇಷ್ಮೆ ಅಮ್ಮ. ಬುಡಕ್ಕೆ ಕತ್ತರಿಸಿದ್ರೆ ಗಂಟು ಜಾರುತ್ತೆ. ಅದಕ್ಕೇ ತುದಿ ಬಿಟ್ಟಿದ್ದು."

ಟೈಲರಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಮೂವತ್ತು ವರ್ಷದಿಂದ ಅವಳು ಕೂಗಿ ಹೇಳುತ್ತಿದ್ದ ಮಾತು ಅದು: ರೇಷ್ಮೆ ಜಾರುತ್ತೆ, ತುದಿ ಬಿಡ್ರೇ! ಬಟ್ಟೆಯ ವಿಷಯದಲ್ಲಿ ಗೊತ್ತಿದ್ದದ್ದು ಬಾಯಿಯ ಸರದಿ ಬಂದಾಗ ಮರೆತುಹೋಗಿತ್ತು. ಆ ನಾಚಿಕೆಯಲ್ಲಿ ಇನ್ನೊಂದು ಸತ್ಯವೂ ಹೊರಬಿತ್ತು.

"ದಾರಾನೂ ಕಡೀತೀನಿ ಡಾಕ್ಟ್ರಮ್ಮ. ಇದೇ ಹಲ್ಲಲ್ಲಿ. ದಿನಾ. ಕ್ಯಾಪ್ ಹಾಕಿದ ಮೇಲೂ."

"ಗೊತ್ತು. ಆ ಕಚ್ಚು ಸರಿಯಾಗಿ ದಾರದಷ್ಟೇ ಅಗಲ ಇದೆ. ನೀವಾಗೇ ಹೇಳ್ಲಿ ಅಂತಿದ್ದೆ." ಡಾಕ್ಟರಮ್ಮ ಕೈಗವಸು ಹಾಕಿಕೊಂಡಳು. "ಮತ್ತೆ ಹೊಲೀತೀನಿ. ಬೇಗ ಬಂದಿದ್ದು ಒಳ್ಳೇದಾಯ್ತು. ಆದ್ರೆ ಈಗ ಬೇರು ಮೊದಲಿನಷ್ಟು ಉದ್ದ ಇಲ್ಲ. ಇನ್ನು ದಾರ ಕಡಿದ್ರೆ ನನ್ನ ಕೈಲಿ ಏನೂ ಇರಲ್ಲ."

"ಕಡಿಯಲ್ಲ ಬಿಡಿ," ಎಂದ ಗಂಡ ಮೂಲೆಯಿಂದ. "ನಮ್ಮನೆಗೆ ಒಂದು ಬಟ್ಟಲೇ ಸಾಕು."

ಟೈಲರಮ್ಮ ಅವನತ್ತ ನೋಡಿದಳು. ಅವನು ಮತ್ತೆ ಫ್ಯಾನ್ ನೋಡುತ್ತಿದ್ದ. ಮನೆಗೆ ಬಂದವನೇ ನೂಲು ಕತ್ತರಿಗೆ ಲಾಡಿ ಪೋಣಿಸಿ ಅವಳ ಕೊರಳಿಗೆ ಹಾಕಿದ. "ನನಗೆ ಡಿಪೋದಲ್ಲಿ ಕೊಟ್ಟ ಮೆಡಲೂ ಇಷ್ಟು ಹೊಳೀತಿರಲಿಲ್ಲ. ತೆಗೆದ್ರೆ ನೋಡು!"

ಏಳು ದಿನ ಅವಳು ತುಟಿಯನ್ನು ಮುಟ್ಟಲಿಲ್ಲ. ಕೋಣೆಯ ಕನ್ನಡಿಗೆ ಹಳೆಯ ಪರದೆ ಹೊದಿಸಿದಳು. ಅಂಗಿ ಸರಿಯಾಗಿದೆಯೇ ಎಂದು ಗಿರಾಕಿಗಳು ಅವಳ ಮಾತು ನಂಬಿಯೇ ತಿಳಿಯಬೇಕಾಯಿತು.

ಎಂಟನೆಯ ದಿನ ಡಾಕ್ಟರಮ್ಮ ಹೊಲಿಗೆಗಳನ್ನೆಲ್ಲ ಬಿಚ್ಚಿದಳು. ವಸಡು ಕೂಡಿಕೊಂಡಿತ್ತು. ಹಲ್ಲನ್ನು ತಟ್ಟಿ, ಅಲುಗಿಸಿ ನೋಡಿದರೆ ಅದು ಕೂತಲ್ಲೇ ಕೂತಿತ್ತು. "ಎಕ್ಸ್‌ರೇ ಆರು ತಿಂಗಳಿಗೆ. ನನಗಂತೂ ಉಳಿಯುತ್ತೆ ಅನ್ಸುತ್ತೆ," ಎಂದಳು. ಆರು ತಿಂಗಳಿಗೆ ಆ ಕಪ್ಪು ಚುಕ್ಕೆ ಮುಕ್ಕಾಲು ಪಾಲು ತುಂಬಿಕೊಂಡದ್ದು ನಿಜವೇ, ಆದರೆ ಅದು ಆಮೇಲಿನ ಮಾತು.

ಕುರ್ಚಿಯಿಂದಿಳಿದ ಟೈಲರಮ್ಮ ಬಾಗಿಲಿಗೆ ಹೋಗಲಿಲ್ಲ. ಚೀಲದಿಂದ ಸೂಜಿದಾರ ತೆಗೆದಳು.

"ಒಂದು ನಿಮಿಷ ಅಲುಗಾಡಬೇಡಿ ಡಾಕ್ಟ್ರಮ್ಮ. ನೋವಾಗಲ್ಲ."

ಡಾಕ್ಟರಮ್ಮನ ಕೋಟಿನ ಬಿಚ್ಚಿಕೊಂಡಿದ್ದ ಜೇಬಿನ ಮೂಲೆಯನ್ನು ಮಡಚಿ, ಸರಸರನೆ ನಾಲ್ಕು ಹೊಲಿಗೆ ಹಾಕಿ, ಗಂಟು ಬಿಗಿದಳು. ಹಾಗೆಯೇ ಮೂವತ್ತು ವರ್ಷದ ಕುತ್ತಿಗೆ ತನ್ನಷ್ಟಕ್ಕೆ ಬಾಗಿತು, ತುಟಿ ಬಿರಿಯಿತು, ದಾರ ಹಲ್ಲಿನ ಅಂಚಿಗೆ ತಾಗಿತು.

ಡಾಕ್ಟರಮ್ಮ ಉಸಿರು ಬಿಗಿಹಿಡಿದಳು. ಗಂಡ ಕೆಮ್ಮಿದ.

ಟೈಲರಮ್ಮ ಬಾಗಿದ ಭಂಗಿಯಲ್ಲೇ ನಿಂತಳು. ಕೈ ಕೊರಳ ಲಾಡಿಯನ್ನು ತಡಕಿ ಕತ್ತರಿಯನ್ನು ಹುಡುಕಿತು. ಕಟಕ್. ಗಂಟಿನ ಮೇಲೆ ಮೋಟು ಮೀಸೆಯಂಥ ತುದಿ ಉಳಿಯಿತು.

"ಎಳೆ ಬೇಕಂತಲೇ ಬಿಟ್ಟಿದ್ದೀನಿ," ಎಂದಳು ಅವಳು, ಬೆನ್ನು ನೆಟ್ಟಗೆ ಮಾಡಿಕೊಂಡು. "ಒಂದು ವಾರ ಮುಟ್ಬೇಡಿ."