ಮಖಮಲ್ಲಮ್ಮನ ಗಡಿಯಾರದ ಪೆಟ್ಟಿಗೆ

ತಂಗಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆತ್ತಿಕೊಂಡಿದ್ದ ಮೈದಾ ಅಂಟು ಬಿಡುತ್ತಿರಲಿಲ್ಲ. ಬೆಳಗ್ಗೆ ಏಳೂವರೆಗೆ ಹಸಿಯಾಗಿದ್ದ ಅಂಟು ಒಂಬತ್ತಕ್ಕೆ ಕಲ್ಲಾಗಿತ್ತು.

“ಭಾವ, ಇನ್ನೊಂದು ಚೊಂಬು ಬಿಸಿನೀರು ಕೊಡಿ.”

ಅಡುಗೆಮನೆಯಿಂದ ನೀರು ಬರಲಿಲ್ಲ. ಅವಳೇ ಎದ್ದು ಹೋಗಿ ನೋಡಿದಳು. ಅಕ್ಕನ ಗಂಡ ಒಲೆಯ ಮುಂದೆ ನಿಂತಿದ್ದ. ಒಲೆ ಹೊತ್ತಿಸಿರಲಿಲ್ಲ. ಎರಡೂ ಕೈಯಲ್ಲಿ ಒಂದು ಟೀ ಲೋಟ ಹಿಡಿದುಕೊಂಡಿದ್ದ.

“ಇದು ಇನ್ನೂ ಬೆಚ್ಚಗಿದೆ ಕಣಮ್ಮ, ಮುಟ್ಟಿ ನೋಡು,” ಎಂದ. “ಟೀ ತಂದು ಕೊಟ್ಟೆ. ‘ಅಲ್ಲಿಡಿ, ಈ ಒಂದು ಬದಿ ಅಂಟಿಸಿಬಿಡ್ತೀನಿ’ ಅಂದ್ಲು. ಇಟ್ಟು ಈ ಕಡೆ ತಿರುಗಿದೆ. ಅಷ್ಟೇ. ತಿರುಗಿದ್ದಷ್ಟೇ.”

ತಂಗಿ ಲೋಟ ಮುಟ್ಟಿದಳು. ತಣ್ಣಗೆ ಕೊರೆಯುತ್ತಿತ್ತು.

“ಹೌದು ಭಾವ,” ಎಂದಳು. “ಬೆಚ್ಚಗಿದೆ.”

ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಮನುಷ್ಯ ಅವನು. ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯಬೇಕು ಎಂದು ಮುಖ ನೋಡಿಯೇ ಹೇಳುತ್ತಿದ್ದವನಿಗೆ, ಎದುರಿಗಿದ್ದವಳು ನಡುದಾರಿಯಲ್ಲಿ ಇಳಿದು ಹೋದದ್ದು ತಿಳಿದಿರಲಿಲ್ಲ. ಐವತ್ತಾರು ವರ್ಷ ಅವಳಿಗೆ. ಹಿಂದಿನ ದಿನವಷ್ಟೇ ಪರದೆಗಳನ್ನೆಲ್ಲ ಒಗೆದು ಹಾಕಿದ್ದಳು. ಅವು ಇನ್ನೂ ಹಿತ್ತಿಲ ಹಗ್ಗದ ಮೇಲಿದ್ದವು.

ನಡುಮನೆಯಲ್ಲಿ ಅವಳನ್ನು ಬಿಳಿ ಹೊದಿಕೆಯ ಮೇಲೆ ಮಲಗಿಸಿದ್ದರು. ಬೀದಿಯವರು ಬಂದು ನಿಲ್ಲುತ್ತಿದ್ದರು, ನಂಬದವರ ಹಾಗೆ ಇನ್ನೊಂದು ಸಲ ನೋಡುತ್ತಿದ್ದರು. ಒಡವೆ, ಗಡಿಯಾರ ಇಡುವ ಮರದ ಪೆಟ್ಟಿಗೆ ಮಾಡುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಪೆಟ್ಟಿಗೆಯ ಒಳಮೈಗೆ ಮಖಮಲ್ಲು ಹೊದಿಸುವ ಕೆಲಸ ಮಾಡಿದವಳಾದ್ದರಿಂದ ಬೀದಿಗೆಲ್ಲ ಅವಳು ಮಖಮಲ್ಲಮ್ಮ.

“ನಿನ್ನೆ ಸಂಜೆ ನನ್ನ ಹತ್ರ ಕತ್ತರಿ ಇಸ್ಕೊಂಡು ಹೋದ್ರು,” ಎಂದಳು ಪಕ್ಕದ ಮನೆಯಾಕೆ. “ನಾಳೆ ಕೊಡ್ತೀನಿ ಅಂದ್ರು. ನಾಳೆ ಅಂದ್ರೆ ಇವತ್ತೇ ಅಲ್ವಾ?” ಎಲ್ಲರೂ ತನ್ನತ್ತ ನೋಡಿದ್ದು ಕಂಡು ಗಾಬರಿಯಾದಳು. “ಅಯ್ಯೋ, ನಾನು ಕತ್ತರಿ ಕೇಳ್ತಿಲ್ಲಪ್ಪ. ಬಾಯಿಗೆ ಏನು ಬರ್ತಿದೆಯೋ ನಂಗೇ ಗೊತ್ತಿಲ್ಲ.”

ಬಡಗಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದ. ಅದೇ ಅಂಗಡಿಯಲ್ಲಿ ಅವಳ ಪಕ್ಕದ ಮೇಜಿನವನು. ಅವನು ಮರ ಕೊಯ್ದು ಪೆಟ್ಟಿಗೆ ಕೂಡಿಸಿದರೆ ಅವಳು ಒಳಗಿನದನ್ನು ಮಾಡುತ್ತಿದ್ದಳು. ಅವನ ತೋಳಿನ ಮೇಲೆ ಮರದ ಪುಡಿ ಹಾಗೇ ಇತ್ತು. ಸ್ವಲ್ಪ ಹೊತ್ತು ಅವಳ ಕಾಲಬುಡದಲ್ಲಿ ನಿಂತ. ಆಮೇಲೆ ಗಂಡನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ಅಣ್ಣ, ಡಾಕ್ಟರ ಚೀಟಿ ಇಲ್ದೆ ಸ್ಮಶಾನದಲ್ಲಿ ಒಳಗೆ ಬಿಡಲ್ಲ. ಯಾರನ್ನ ಕರೀಲಿ?”

“ಯಾರನ್ನ ಅಂದ್ರೆ? ಮೂಲೆಮನೆ ಡಾಕ್ಟ್ರೇ ಇದಾರಲ್ಲ, ನಾಲ್ಕು ಹೆಜ್ಜೆ,” ಎಂದಳು ಪಕ್ಕದ ಮನೆಯಾಕೆ.

“ಅವರು ಬೇಡ.”

ಬೆಳಗ್ಗಿನಿಂದ ಗಂಡ ಸ್ಪಷ್ಟವಾಗಿ ಆಡಿದ ಮೊದಲ ಮಾತು ಅದು. “ರೈಲ್ವೆ ಗೇಟಿನಾಚೆ ಇನ್ನೊಬ್ರು ಇದಾರೆ. ಅವಳು ಅಲ್ಲಿಗೇ ಹೋಗ್ತಿದ್ದಿದ್ದು.”

“ಅಲ್ಲಿಗೆ ಹೋಗಿಯೇ ಬಂದೆ ಅಣ್ಣ,” ಎಂದ ಬಡಗಿ. “ಬೀಗ ಹಾಕಿದೆ. ನಾಡಿದ್ದು ಬರ್ತಾರಂತೆ.”

“ಮೂಲೆಮನೆಯವ್ರು ಯಾಕೆ ಬೇಡ ಭಾವ?” ಎಂದು ತಂಗಿ ಕೇಳಿದಳು. ಗಂಡ ಬಡಗಿಯನ್ನು ನೋಡಿದ. ಬಡಗಿ ನೆಲ ನೋಡಿದ.

* * *

ಒಂಬತ್ತು ವರ್ಷದ ಹಿಂದೆ ಮೂಲೆಮನೆಯ ಡಾಕ್ಟರು ಪೆಟ್ಟಿಗೆ ಅಂಗಡಿಗೆ ಬಂದಿದ್ದರು. ಅವರ ತಂದೆ ತೀರಿಕೊಂಡು ತಿಂಗಳಾಗಿತ್ತು. ಮೇಜಿನ ಮೇಲೆ ಕರವಸ್ತ್ರದ ಗಂಟು ಬಿಚ್ಚಿ ಒಂದು ಬೆಳ್ಳಿಯ ಜೇಬುಗಡಿಯಾರ ತೋರಿಸಿದರು.

“ಅಪ್ಪ ಇದನ್ನ ಐವತ್ತು ವರ್ಷ ಜೇಬಲ್ಲಿಟ್ಕೊಂಡು ಓಡಾಡಿದ್ರು. ಇದಕ್ಕೊಂದು ಒಳ್ಳೇ ಮನೆ ಕಟ್ಟಿಕೊಡಿ,” ಎಂದರು.

ಬಡಗಿ ಮರ ಆರಿಸಿದ. ಒಳಗೆ ಬಿಳಿ ಹತ್ತಿಬಟ್ಟೆ ಸಾಕು ಎಂದ. “ನೀನು ಗರಗಸ ನೋಡ್ಕೋ, ಬಟ್ಟೆ ನಂದು,” ಎಂದಳು ಅವಳು. ಹನ್ನೆರಡು ವರ್ಷದಿಂದ ಜ್ವರ ನೆಗಡಿಗೆಲ್ಲ ಅವಳಿಗೆ ಆ ಡಾಕ್ಟರ ಬಾಗಿಲೇ. ಅವರ ಪೆಟ್ಟಿಗೆ ಸಾಮಾನ್ಯದ್ದಾಗಬಾರದು. ಅಂಗಡಿಯಲ್ಲಿದ್ದದ್ದರಲ್ಲೇ ದುಬಾರಿಯಾದ ಉಣ್ಣೆಯ ಬಟ್ಟೆ, ಶಾಯಿಯಂಥ ನೀಲಿಯದು, ತೆಗೆದಳು. ಗಡಿಯಾರ ಮೆತ್ತಗೆ ಕೂರಲಿ ಎಂದು ಬಟ್ಟೆಯ ಕೆಳಗೆ ರಬ್ಬರ್ ಸ್ಪಂಜು ಇಟ್ಟಳು. ಡಾಕ್ಟರು ಮುಚ್ಚಳ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಹೋಗುವಾಗ ಅವಳಿಗೆ ಕೈಮುಗಿದಿದ್ದರು.

ಹನ್ನೊಂದು ತಿಂಗಳಿಗೆ ಅದೇ ಪೆಟ್ಟಿಗೆ ಹಿಡಿದು ಬಂದರು. ಒಳಗಿದ್ದ ಗಡಿಯಾರ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ತಂದೆಯನ್ನು ನೆನೆದು ತೆಗೆದು ನೋಡಿದರಂತೆ.

“ಪೆಟ್ಟಿಗೆ ಅಂತ ಕೊಟ್ರೋ, ಗೋರಿ ಅಂತ ಕೊಟ್ರೋ?” ಎಂದು ಕೂಗಿದರು. ಅಂಗಡಿಯ ಯಜಮಾನ ಸುಮ್ಮನೆ ಅವಳ ಕಡೆ ಬೆರಳು ಮಾಡಿದ. ಡಾಕ್ಟರು ಅವಳತ್ತ ತಿರುಗಿದರು. ಕಣ್ಣಲ್ಲಿ ನೀರಿತ್ತು. “ನೀವು ಇನ್ನು ನನ್ನ ಬಾಗಿಲಿಗೆ ಬರ್ಬೇಡಿ. ನಿಮ್ಮ ಮುಖ ನೋಡಿದ್ರೆ ನಂಗೆ ಇದೇ ಕಾಣತ್ತೆ.”

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಕೈಯೇ ತಪ್ಪು ಮಾಡಿದ ಹಾಗೆ.

ಅವತ್ತಿನಿಂದ ಅವಳು ಆ ಮೂಲೆ ದಾಟುವಾಗ ಸೆರಗನ್ನು ಮುಖದವರೆಗೆ ಎಳೆದುಕೊಳ್ಳುತ್ತಿದ್ದಳು. ಮೈ ಸುಟ್ಟುಹೋಗುವ ಜ್ವರ ಬಂದರೂ ರೈಲ್ವೆ ಗೇಟು ದಾಟಿ ಅರ್ಧ ತಾಸು ನಡೆದು ಬೇರೆಯವರ ಬಳಿ ಹೋಗುತ್ತಿದ್ದಳು.

* * *

ಮೂಲೆಮನೆಯ ಡಾಕ್ಟರು ಹತ್ತೂವರೆಗೆ ಬಂದರು. ಬೇರೆ ದಾರಿ ಇರಲಿಲ್ಲ. ಈಗ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಮಂಡಿಯೂರಿ ಕೂತು ಅವಳ ರೆಪ್ಪೆ ಎತ್ತಿ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟರು, ಅದರಲ್ಲಿ ಕೇಳುವುದೇನೂ ಇಲ್ಲವೆಂದು ಗೊತ್ತಿದ್ದೂ ಸ್ವಲ್ಪ ಹೆಚ್ಚು ಹೊತ್ತೇ ಇಟ್ಟುಕೊಂಡರು. ಆಮೇಲೆ ಕುರ್ಚಿಯಲ್ಲಿ ಕೂತು ಚೀಟಿ ಬರೆಯತೊಡಗಿದರು.

“ಮೊದ್ಲು ಏನಾದ್ರೂ ನೋವು ಅಂತಿದ್ರಾ?”

“ಎಂಟು ದಿನದಿಂದ ಎಡಗೈ ಸೆಳೆಯತ್ತೆ ಅಂತಿದ್ಲು,” ಎಂದ ಗಂಡ. “ಮೆಟ್ಟಿಲು ಹತ್ತಿದ್ರೆ ಏದುಸಿರು. ಬಟ್ಟೆ ಎಳೆದೂ ಎಳೆದೂ ಹಾಗಾಗಿದೆ ಅಂದ್ಲು.”

ಡಾಕ್ಟರು ಪೆನ್ನು ಎತ್ತಿದರು. “ಎಂಟು ದಿನ! ಎಂಟು ದಿನ ಏನ್ ಮಾಡ್ತಿದ್ರಿ ನೀವೆಲ್ಲ? ಮೊದಲ ದಿನವೇ ಬಂದಿದ್ರೆ ಒಂದು ಗುಳಿಗೆ ಕೊಟ್ಟು, ಅಲ್ಲೇ ಮಲಗಿಸಿ, ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ನನ್ನ ಬಾಗಿಲು ಇಲ್ಲಿಂದ ಕಾಣತ್ತಲ್ರೀ! ಯಾಕೆ ಬರ್ಲಿಲ್ಲ?”

ಗಂಡ ಬಡಗಿಯತ್ತ ತಿರುಗಿದ. ಕೊನೆಗೆ ಬಡಗಿಯೇ ಹೇಳಿದ.

“ನೀವೇ ಬರ್ಬೇಡ ಅಂದಿದ್ರಿ ಡಾಕ್ಟ್ರೇ.”

“ನಾನಾ? ಯಾವಾಗ?”

“ಗಡಿಯಾರದ ಪೆಟ್ಟಿಗೆ. ನೀಲಿ ಬಟ್ಟೆ.”

ಡಾಕ್ಟರ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ನಿಜಕ್ಕೂ ಮರೆತಿದ್ದರು. ಆಮೇಲೆ ನೆನಪು ಬಂದದ್ದು ಎಲ್ಲರಿಗೂ ಕಂಡಿತು. ಅವರು ಮಲಗಿದ್ದವಳ ಮುಖವನ್ನು ಈಗ ಮೊದಲ ಬಾರಿಗೆ ನೋಡುವಂತೆ ನೋಡಿದರು.

“ಆ ಗಡಿಯಾರಾ?” ಎಂದರು. “ಅದಕ್ಕಾ?”

“ಬನ್ನಿ,” ಎಂದ ಗಂಡ, ಥಟ್ಟನೆ ಎದ್ದು. “ಬಂದು ನೋಡಿ.”

* * *

ಅವಳ ಕೆಲಸದ ಕೋಣೆಯ ಕಿಟಕಿಯುದ್ದಕ್ಕೂ ಗಾಜಿನ ಸೀಸೆಗಳ ಸಾಲು. ನಲವತ್ತಕ್ಕೆ ಕಮ್ಮಿಯಿಲ್ಲ. ಬಾಯಿಗೆ ಭದ್ರವಾಗಿ ಮುಚ್ಚಳ. ಒಂದೊಂದರಲ್ಲೂ ಒಂದು ತುಂಡು ಬಟ್ಟೆಯೋ, ಮರದ ಚಕ್ಕೆಯೋ, ಒಣಗಿದ ಅಂಟಿನ ಹಕ್ಕಳೆಯೋ. ಪಕ್ಕದಲ್ಲಿ, ಮಳೆಗಾಲದ ತೇವ ಇರಲೆಂದು, ಒದ್ದೆ ಹತ್ತಿಯ ಉಂಡೆ. ಮೇಲಿನಿಂದ ದಾರದಲ್ಲಿ ತೂಗುಬಿಟ್ಟ, ಉಗುರಿನಷ್ಟಗಲದ ಬೆಳ್ಳಿಯ ಚೂರು.

ಮೊದಲ ಸೀಸೆಗಳನ್ನು ಇಟ್ಟಾಗ ಗಂಡ ನಕ್ಕಿದ್ದ. “ಏನೇ ಇದು, ಔಷಧಿ ಅಂಗಡಿ ಇಡ್ತೀಯಾ?”

“ಮರ, ಬಟ್ಟೆ, ಅಂಟು, ಎಲ್ಲಾ ಉಸಿರಾಡ್ತವೆ ಕಣ್ರೀ,” ಎಂದಿದ್ದಳು ಅವಳು. “ಮುಚ್ಚಿದ ಪೆಟ್ಟಿಗೇಲಿ ಅವು ಬಿಟ್ಟ ಉಸಿರನ್ನೇ ಪಾಪ ಗಡಿಯಾರ ತಗೋಬೇಕು. ಯಾವುದರ ಉಸಿರು ಕೆಟ್ಟದ್ದು ಅಂತ ನೋಡ್ತೀನಿ.”

ಬೆಳ್ಳಿ ಎಲ್ಲಿಂದ ಬಂತೆಂದು ಅವನಿಗೆ ತಿಂಗಳಾದ ಮೇಲೆ ಗೊತ್ತಾಯಿತು. ಅವಳ ತಾಯಿ ಕೊಟ್ಟಿದ್ದ ಬೆಳ್ಳಿ ಚಮಚವನ್ನು ಬಡಗಿಯ ಕೈಲಿ ತುಂಡು ತುಂಡು ಮಾಡಿಸಿದ್ದಳು. ರಬ್ಬರ್ ಸ್ಪಂಜಿನ ಸೀಸೆಯಲ್ಲಿ ಬೆಳ್ಳಿ ಒಂದು ವಾರಕ್ಕೇ ಕಪ್ಪಾಯಿತು. ನೀಲಿ ಉಣ್ಣೆಯದು ಒಂದು ತಿಂಗಳಿಗೆ. ಅದನ್ನು ಕಂಡ ದಿನ ಅವಳು ಊಟ ಬಿಟ್ಟಳು. ಬಣ್ಣದ ಮಖಮಲ್ಲಿನಲ್ಲಿ ಚುಕ್ಕೆ ಬಿದ್ದವು. ಅಂಗಡಿಯ ಡಬ್ಬಿ ಅಂಟು ಹಳದಿ ಮಾಡಿತು. ಹೊಸ ಮರವೂ ಒಳ್ಳೆಯದಲ್ಲ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ಕೊನೆಗೆ ಬಡಗಿ ಕೆಡವಿದ ಹಳೇ ಶಾಲೆಯೊಂದರ ಬೆಂಚಿನ ಹಲಗೆ ತಂದುಕೊಟ್ಟ. ಅರವತ್ತು ವರ್ಷದ ಮರ, ಉಸಿರು ಬಿಟ್ಟು ಮುಗಿಸಿದ್ದು. ಬಣ್ಣವಿಲ್ಲದ ಹತ್ತಿಬಟ್ಟೆ, ಎಂಟು ಸಲ ಕುದಿಸಿ ಒಗೆದದ್ದು. ಮನೆಯಲ್ಲೇ ಕಾಯಿಸಿದ ಮೈದಾ ಅಂಟು. ಆ ಮೂರನ್ನೂ ಕೂಡಿಸಿ ಇಟ್ಟ ಸೀಸೆಯಲ್ಲಿ ಬೆಳ್ಳಿ ಎರಡು ವರ್ಷವಾದರೂ ಕನ್ನಡಿಯಂತಿತ್ತು.

“ನೀನು ಮೊದಲೇ ಹೇಳಿದ್ಯಲ್ಲೋ, ಹತ್ತಿಬಟ್ಟೆ ಅಂತ,” ಎಂದು ಅವಳು ಬಡಗಿಯ ಭುಜಕ್ಕೆ ಗುದ್ದಿದ್ದಳು. “ಕೈ ಹಿಡಿದು ನಿಲ್ಸೋಕೆ ಆಗ್ತಿರ್ಲಿಲ್ವಾ?”

* * *

ಮೇಜಿನ ಮೇಲೆ ಪೆಟ್ಟಿಗೆ ಇತ್ತು. ಮೂರು ಬದಿಗೆ ಬಿಳಿ ಬಟ್ಟೆ ಕೂತಿತ್ತು. ನಾಲ್ಕನೆಯದಕ್ಕೆ ಹಚ್ಚಿದ ಅಂಟು ಬಟ್ಟೆಯಿಲ್ಲದೆ ಒಣಗಿತ್ತು.

“ಯಾರಿಗೆ ಇದು?” ಎಂದರು ಡಾಕ್ಟರು. ಕೇಳುವ ಮೊದಲೇ ಅವರಿಗೆ ಗೊತ್ತಿತ್ತು.

“ಹೋದ ವಾರ ಕೈ ಸೆಳೆತ ಶುರುವಾದಾಗ ನಾನೇ ಹೇಳ್ದೆ,” ಎಂದ ಗಂಡ. “ಗೇಟಿನಾಚೆಗೆ ನಡೆಯೋಕೆ ಆಗಲ್ಲ ನಿನಗೆ, ಮೂಲೆಮನೆಗೇ ಹೋಗೋಣ, ಅವರೇನು ಹುಲಿಯಾ ಅಂತ. ‘ಹೋಗೋಣ ರೀ, ಪೆಟ್ಟಿಗೆ ಮುಗೀಲಿ. ಪೆಟ್ಟಿಗೆ ಕೊಟ್ಟು ಹಾಗೇ ಕೈನೂ ತೋರಿಸ್ತೀನಿ. ಬರಿಗೈಲಿ ಹೇಗೆ ಹೋಗ್ಲಿ’ ಅಂದ್ಲು. ಇವತ್ತು ಹನ್ನೊಂದಕ್ಕೆ ಹೊರಡೋರಿದ್ವಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷವಿತ್ತು. ಯಾರೂ ಅತ್ತ ನೋಡಲಿಲ್ಲ.

“ಆ ಕಪ್ಪು ಹೋಯ್ತಾ ಡಾಕ್ಟ್ರೇ?” ಎಂದು ಗಂಡ ಕೇಳಿದ. “ಅವಳು ಕೇಳ್ತಾನೇ ಇದ್ಲು. ಯಾರನ್ನಾದ್ರೂ ಕಳಿಸಿ ವಿಚಾರಿಸಿ ಅಂತ. ನಾನೇ ಹೋಗ್ಲಿಲ್ಲ. ನಾಚಿಕೆ.”

ಡಾಕ್ಟರು ಸುಳ್ಳು ಹೇಳಬಹುದಿತ್ತು. ಅವರ ಬಾಯಿಗೆ ಸುಳ್ಳು ಸಿಗಲಿಲ್ಲ.

“ಹೋಯ್ತು.”

“ಯಾವಾಗ?”

“ಅದೇ ವಾರ. ಗಡಿಯಾರ ರಿಪೇರಿಯವನು ಉಜ್ಜಿ ಕೊಟ್ಟ. ಅರ್ಧ ಗಂಟೆ ಕೆಲಸ. ಆಮೇಲೆ ಅದು ನನ್ನ ಹತ್ರ ಉಳೀಲೂ ಇಲ್ಲ. ಮಗಳಿಗೆ ಕೊಟ್ಟುಬಿಟ್ಟೆ.”

ಗಂಡ ನಕ್ಕ. ಜೋರಾಗಿ ಏನಲ್ಲ, ಬಸ್ಸಿನಲ್ಲಿ ಯಾರೋ ತಮಾಷೆ ಮಾಡಿದಾಗ ನಗುವ ಹಾಗೆ. “ಅರ್ಧ ಗಂಟೆ ಅಂತೆ ಕಣೋ,” ಎಂದ ಬಡಗಿಗೆ. “ಅರ್ಧ ಗಂಟೆ.” ನಗು ನಿಲ್ಲಲಿಲ್ಲ. ನಗುತ್ತಲೇ ನೆಲಕ್ಕೆ ಕೂತ.

ಬಾಗಿಲಲ್ಲಿ ನಿಂತಿದ್ದ ತಂಗಿ ಒಳಗೆ ನುಗ್ಗಿದಳು. “ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ? ದಿನಾ ಈ ಬೀದೀಲೇ ಓಡಾಡ್ತೀರಲ್ಲ! ಸರಿಹೋಯ್ತಮ್ಮ ಅಂತ ಎರಡು ಶಬ್ದ! ನಾಲಿಗೆ ಸವೀತಿತ್ತಾ?”

“ಮರೆತೆ,” ಎಂದರು ಡಾಕ್ಟರು. “ನಂಗೆ ಮರೆತೇ ಹೋಗಿತ್ತಮ್ಮ.” ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲವೆಂದು ಹೇಳಿದ ಮೇಲೆ ಅವರಿಗೂ ತಿಳಿಯಿತು.

ಚೀಟಿಯನ್ನು ಅಲ್ಲೇ ಮೇಜಿನ ಅಂಚಿನಲ್ಲಿ ಇಟ್ಟು ಮುಗಿಸಿದರು. ಹೆಸರು, ವಯಸ್ಸು, ಸಮಯ ಸಲೀಸಾಗಿ ಬಂದವು. ‘ಕಾರಣ’ ಎಂದಿದ್ದಲ್ಲಿ ಪೆನ್ನು ನಿಂತಿತು. ಬಹಳ ಹೊತ್ತಿನ ಮೇಲೆ ‘ಹೃದಯಾಘಾತ’ ಎಂದು ಬರೆದರು.

ಬಡಗಿ ಪೆಟ್ಟಿಗೆಯ ಮೇಲೆ ಕೈ ಇಟ್ಟ. “ಅಣ್ಣ, ಈ ಒಂದು ಬದಿ ನಾನು ಅಂಟಿಸ್ಲಾ?”

“ಬೇಡ,” ಎಂದ ಗಂಡ ನೆಲದಿಂದಲೇ. “ನೀನು ಗರಗಸ ನೋಡ್ಕೋ.”

* * *

ಮೂರು ಗಂಟೆಗೆ ಅವಳನ್ನು ಮಣ್ಣಿಗಿಟ್ಟರು. ಡಾಕ್ಟರೂ ಬಂದಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಎಲ್ಲರಿಗಿಂತ ಹಿಂದೆ ನಿಂತಿದ್ದು, ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ಸರಿದು ನಿಂತರು.

ವಾಪಸು ನಡೆದೇ ಹೊರಟರು. ಬಿಸಿಲು ಜೋರಾಗಿತ್ತು. ಅರ್ಧ ದಾರಿಯಲ್ಲಿ ಗಂಡ ಒಮ್ಮೆ ನಿಂತ. ಮುಖದಲ್ಲಿ ಬೆವರಿಳಿಯುತ್ತಿತ್ತು. “ಏನಿಲ್ಲ,” ಎಂದ. ಹಿಂದಿನಿಂದ ಡಾಕ್ಟರು ಬೇಗ ಬೇಗ ಬಂದು ಅವನ ಕೈ ಹಿಡಿದುಕೊಂಡರು. ಅವನು ಅವರನ್ನು ನೋಡಿದ. ಕೈ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಹಾಗೇ ನಡೆದರು.

ಹಿಂದೆ ಬರುತ್ತಿದ್ದವರು ಸಮಾಧಾನಕ್ಕೆ ಹಿಡಿದಿದ್ದಾರೆ ಎಂದುಕೊಂಡರು. ತಂಗಿ ಮಾತ್ರ ಹತ್ತಿರದಿಂದ ನೋಡಿದಳು. ಡಾಕ್ಟರ ಎರಡು ಬೆರಳು ಅವನ ಮಣಿಕಟ್ಟಿನ ಒಳಗೆ, ಹೆಬ್ಬೆರಳ ಬುಡದಲ್ಲಿ ಒತ್ತಿಕೊಂಡಿದ್ದವು. ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಅವರು ಎಣಿಸುತ್ತಿದ್ದರು. ಒಮ್ಮೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ತಮ್ಮ ಮನೆಯ ಮೂಲೆ ಬಂತು, ಹೋಯಿತು. ಅವರು ಅವನ ಮಣಿಕಟ್ಟು ಹಿಡಿದು ಎಣಿಸುತ್ತಲೇ ಮುಂದೆ ನಡೆದರು.