ಅಧ್ಯಕ್ಷರ ಅಪರೂಪದ ತೂತುಕಾಸು

ಇದು ನಡೆದದ್ದು. ನಡೆದಿಲ್ಲ ಅಂದರೆ ನನ್ನ ಮೂರುಗಾಲಿ ಗಾಡಿಯ ಬ್ಯಾಟರಿ ಇವತ್ತೇ ಸಾಯಲಿ, ಅದೂ ಹಳೆಪೇಟೆ ಬಾಗಿಲಿನ ಏರಿನಲ್ಲಿ, ಹಿಂದೆ ದಪ್ಪ ಗಿರಾಕಿ ಕೂತಿರುವಾಗ. ನಾನು ಸುಳ್ಳೇ ಹೇಳುವುದಿಲ್ಲ ಅಂತಲ್ಲ. ಹೇಳುತ್ತೇನೆ. ಆದರೆ ಇಷ್ಟು ಒಳ್ಳೆಯ ಸುಳ್ಳು ಕಟ್ಟುವಷ್ಟು ಓದು ನನಗೆ ಹತ್ತಲಿಲ್ಲ.

ನಮ್ಮ ಲೊಯಾಂಗ್‌ನಲ್ಲಿ ನೆಲಕ್ಕೆ ಗುದ್ದಲಿ ಹಾಕಿದರೆ ನೀರಿಗಿಂತ ಮೊದಲು ತೂತುಕಾಸು ಬರುತ್ತದೆ. ನಡುವೆ ಚೌಕದ ತೂತು, ಸುತ್ತ ನಾಲ್ಕು ಅಕ್ಷರ, ಮೇಲೆ ಹಸಿರು ಕಿಲುಬು. ನಮ್ಮ ಅಜ್ಜಿಯರು ಅದಕ್ಕೆ ಕೋಳಿಪುಕ್ಕ ಕಟ್ಟಿ ಮಕ್ಕಳಿಗೆ ಕಾಲಲ್ಲಿ ಒದ್ದು ಆಡಲು ಕೊಡುತ್ತಿದ್ದರು. ಈಗ ಅದನ್ನು ಬರಿಗೈಯಲ್ಲಿ ಮುಟ್ಟಿದರೆ ಹಳೆನಾಣ್ಯ ಸಂಘದವರು ಎದೆ ಹಿಡಿದುಕೊಂಡು ಕೂರುತ್ತಾರೆ.

ಆ ಸಂಘದ ಅಧ್ಯಕ್ಷರು ಶಾಂಗ್ ಬಿಂಗ್‌ವೆನ್. ಯಾವುದೋ ಕಚೇರಿಯಲ್ಲಿ ಉಪಮುಖ್ಯಸ್ಥರಿಗೆ ಉಪಮುಖ್ಯಸ್ಥರಾಗಿದ್ದು ನಿವೃತ್ತರಾದವರು. ತೂತುಕಾಸು, ಹಳೆಯ ಸ್ನಾನದ ಮನೆಗಳ ತಾಮ್ರದ ಬಿಲ್ಲೆ, ಚಹಾದಂಗಡಿಯ ಬಿಲ್ಲೆ, ಗುಂಡಗಿದ್ದು ತಾಮ್ರವಾಗಿದ್ದರೆ ಸಾಕು, ಅವರ ಮನೆ ಸೇರುತ್ತಿತ್ತು. ಸೇರಿದ ಮೇಲೆ ಅದನ್ನು ಅವರು ನೋಡುತ್ತಿರಲಿಲ್ಲ, ಫೋಟೋ ತೆಗೆಯುತ್ತಿದ್ದರು. ಊಟದ ಮೇಜಿನ ಸುತ್ತ ದೀಪಗಳು, ನಡುವೆ ಕಪ್ಪು ಮಖಮಲ್ಲು, ಅದರ ಮೇಲೆ ಒಂದೇ ಒಂದು ಕಾಸು. ಗಂಡ ಹೆಂಡತಿ ಗೋಡೆಗೆ ಒರಗಿ ನಿಂತು ನೂಡಲ್ಸ್ ತಿನ್ನುತ್ತಿದ್ದರು. ಹೆಂಡತಿ ಗುಯ್‌ಚಿನ್ ಅವರ ಫೋಟೋ ಮದುವೆಯ ದಿನ ತೆಗೆದದ್ದೇ ಕೊನೆ. ಆಕೆಯ ಮೈಮೇಲೆ ಕಿಲುಬು ಕಟ್ಟಿರಲಿಲ್ಲವಲ್ಲ.

ತೆಗೆದ ಫೋಟೋ ಫೋನಿನ ಗುಂಪಿಗೆ ಹೋಗುತ್ತಿತ್ತು. ಗುಂಪಿನವರೆಲ್ಲ ಹೆಬ್ಬೆರಳು ಎತ್ತುತ್ತಿದ್ದರು. ಒಬ್ಬರು ಕಿಲುಬನ್ನು ವಸಂತದ ಬೆಟ್ಟಕ್ಕೆ ಹೋಲಿಸಿದರೆ ಇನ್ನೊಬ್ಬರು ಮಳೆ ನಿಂತ ಮೇಲಿನ ಬಿದಿರಿಗೆ ಹೋಲಿಸುತ್ತಿದ್ದರು. ಒಬ್ಬರ ಕಾಸನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ನಾನು ಕಂಡಿಲ್ಲ. ಮನೆಗೆ ಕರೆದರೆ ಚಹಾ ಕೊಡಬೇಕಾಗುತ್ತದೆ, ಹೆಬ್ಬೆರಳಿಗೆ ಚಹಾ ಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ಶಾಂಗ್ ಅವರಿಗೆ ಒಂದು ಕೊರಗು. ನಾಣ್ಯಪ್ರಿಯರ ಮಹಾಮಂಡಲಿ ಅಂತ ಒಂದಿದೆ, ಝೆಂಗ್‌ಝೌ ನಗರದಲ್ಲಿ. ಅದು ವರ್ಷಕ್ಕೊಮ್ಮೆ ಫೋಟೋ ಪುಸ್ತಕ ಹಾಕುತ್ತದೆ. ಅದರ ಮುಖಪುಟದಲ್ಲಿ ಯಾವಾಗಲೂ ಬೇರೆ ಊರಿನವರ ಕಾಸೇ. ಸಂಘದ ಹೊಸವರ್ಷದ ಊಟದಲ್ಲಿ ಸಾರಾಯಿ ತಲೆಗೇರಿದಾಗ ಶಾಂಗ್ ಎದ್ದು ನಿಂತು, ಈ ಸಲ ಮುಖಪುಟ ನನ್ನದಾಗದಿದ್ದರೆ ಅಧ್ಯಕ್ಷಗಿರಿ ಬಿಟ್ಟುಕೊಡುತ್ತೇನೆ ಅಂದುಬಿಟ್ಟರು. ಬೆಳಿಗ್ಗೆ ಅವರಿಗೆ ಅದು ಮರೆತುಹೋಗಿತ್ತು. ಉಪಾಧ್ಯಕ್ಷ ಲಿಯಾಂಗ್‌ಗೆ ಮರೆತಿರಲಿಲ್ಲ. ಆತ ಅಧ್ಯಕ್ಷರ ಕುರ್ಚಿಯ ಅಳತೆ ತೆಗೆದುಕೊಂಡು ದಿಂಬು ಹೊಲಿಸಲು ಕೊಟ್ಟ.

ಅಪರೂಪದ ಕಾಸು ಎಲ್ಲಿಂದ ತರುವುದು? ಆಗ ಅಧ್ಯಕ್ಷರಿಗೆ ನೆನಪಾದದ್ದು ನಮ್ಮ ಓಣಿಯ ತಾನ್ ಅಜ್ಜಿ. ಅಜ್ಜಿ ನೆಗಡಿ, ಮೈಕೈ ನೋವು ಅಂತ ಬಂದವರನ್ನು ಬೋರಲು ಮಲಗಿಸಿ, ಎಣ್ಣೆ ಸವರಿ, ಕಾಸಿನ ಅಂಚಿನಿಂದ ಬೆನ್ನು ಕೆಂಪಾಗುವ ಹಾಗೆ ಹೆರೆಯುತ್ತಾಳೆ. ಆಮೇಲೆ ಆ ಕಾಸನ್ನೇ ಬೆನ್ನ ಮೇಲೆ ಇಟ್ಟು, ಅದರ ಮೇಲೆ ಹತ್ತಿಯುಂಡೆ ಉರಿಸಿ, ಗಾಜಿನ ಭರಣಿ ಬೋರಲು ಹಾಕುತ್ತಾಳೆ. ಭರಣಿ ಬೆನ್ನನ್ನು ಕಚ್ಚಿ ಹಿಡಿಯುತ್ತದೆ, ನೆಗಡಿ ಊರು ಬಿಡುತ್ತದೆ. ಅಜ್ಜಿಯ ಅತ್ತೆಯ ಅತ್ತೆಯ ಕಾಲದಿಂದಲೂ ಅದೇ ಕಾಸು. ಅದನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ, ಯಾಕೆಂದರೆ ಹೋದವರೆಲ್ಲ ಬೋರಲು ಮಲಗಿರುತ್ತಾರೆ. ಯಾರೂ ಕಂಡಿಲ್ಲ ಅಂದಮೇಲೆ ಅದು ಅಪರೂಪದ್ದೇ ಇರಬೇಕು ಅಂತ ಸಂಘದವರು ಬಹಳ ಹಿಂದೆಯೇ ತೀರ್ಮಾನ ಮಾಡಿದ್ದರು.

ಶಾಂಗ್ ಕ್ಯಾಮೆರಾ ಹೊತ್ತು, ಎರಡು ದೀಪ ನನ್ನ ಗಾಡಿಗೆ ಹೇರಿ ಅಜ್ಜಿಯ ಮನೆಗೆ ಬಂದರು. ಒಂದು ಫೋಟೋ ತೆಗೆದು ಕೊಡುತ್ತೇನೆ, ಪುಸ್ತಕದಲ್ಲಿ ನಿಮ್ಮ ಹೆಸರು ಬರುತ್ತದೆ ಅಂತ ಪುಸಲಾಯಿಸಿದರು. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ನನ್ ಹತ್ರ ಜನ ಬೆನ್ನು ತೋರ್ಸಕ್ಕೆ ಬರ್ತಾರೆ ಕಣಪ್ಪ, ನನ್ ಸಾಮಾನು ನೋಡಕ್ಕಲ್ಲ. ಕಾಯ್ಲೆ ಇದ್ಯಾ, ಮಲಕ್ಕೋ. ಇಲ್ವಾ, ಬಾಗಿಲು ಅಲ್ಲಿದೆ.”

ಅಧ್ಯಕ್ಷರು ಅಲ್ಲೇ ಕೆಮ್ಮಿದರು. ಚೆನ್ನಾಗಿ ಕೆಮ್ಮಿದರು. ಅವತ್ತು ಗಾಳಿಯಲ್ಲಿ ಹಳದಿ ಧೂಳು ಬೇರೆ ಇತ್ತು, ಅಜ್ಜಿ ನಂಬಿದಳು. ಅಂಗಿ ಬಿಚ್ಚಿ ಮಲಗುವ ಮುಂಚೆ ಅವರು ಕ್ಯಾಮೆರಾವನ್ನು ನನ್ನ ಕೈಗಿಟ್ಟು ಕಿವಿಯಲ್ಲಿ ಹೇಳಿದರು:

“ನೋಡು ಮೂರುಗಾಲಿ, ದೀಪ ಎಡಗಡೆಯಿಂದ. ತೀರಾ ಹತ್ರ ಹೋಗು. ಗುಂಡಗಿರೋದು ಅಷ್ಟೇ ಕಾಣ್ಬೇಕು, ಸುತ್ತಮುತ್ತಲಿಂದು ಏನೂ ಬರಬಾರ್ದು.”

ಸರಿ ಅಂದೆ. ಆದರೆ ಅಜ್ಜಿಯ ಕೈ ಸಾಮಾನ್ಯದ್ದಲ್ಲ. ಕಾಸು ಒಳಜೇಬಿನಿಂದ ಮುಷ್ಟಿಗೆ, ಮುಷ್ಟಿಯಿಂದ ಬೆನ್ನಿಗೆ, ಬೆನ್ನಿಂದ ಭರಣಿಯೊಳಗೆ. ಹೊಗೆ ತುಂಬಿದ ಭರಣಿಯಲ್ಲಿ ಏನು ಕಾಣುತ್ತದೆ? ಭರಣಿ ಪಟ್ ಅಂತ ಕಿತ್ತಳು, ಕಾಸು ಮತ್ತೆ ಮುಷ್ಟಿಗೆ, ಮುಷ್ಟಿ ಜೇಬಿಗೆ. ನನಗೆ ಉಳಿದದ್ದು ಬೆನ್ನು. ಆ ಬೆನ್ನ ನಡುವೆ, ನಿಮ್ಮಾಣೆ, ಕಾಸು ಅಚ್ಚಾಗಿತ್ತು. ಗುಂಡಗೆ, ದಾಳಿಂಬೆ ಬಣ್ಣಕ್ಕೆ, ನಡುವೆ ಚೌಕ ಉಬ್ಬಿ, ಸುತ್ತ ನಾಲ್ಕು ಅಕ್ಷರ. ಗುಂಡಗಿರೋದು ಅಂದಿದ್ದರಲ್ಲ. ದೀಪ ಎಡಗಡೆಯಿಂದ ಹಿಡಿದು, ತೀರಾ ಹತ್ತಿರ ಹೋಗಿ, ತೆಗೆದೆ.

ಅಧ್ಯಕ್ಷರು ಬೋರಲಾಗಿಯೇ ಕ್ಯಾಮೆರಾ ಇಸಿದುಕೊಂಡು ನೋಡಿದರು. ಅವರ ಕುತ್ತಿಗೆ ಕೆಂಪಗಾಯಿತು. ಅಕ್ಷರಗಳು ಎಡಬಲ ತಿರುಗಿದ್ದವು. ಅಚ್ಚು ಬಿದ್ದರೆ ತಿರುಗದೆ ಇನ್ನೇನು? ಆದರೆ ಈ ಜನಕ್ಕೆ ತಿರುಗಿದ ಅಕ್ಷರದ ಕಾಸು ಅಂದರೆ ಪ್ರಾಣ. ಟಂಕಸಾಲೆಯವನು ಕುಡಿದು ಅಚ್ಚನ್ನು ತಿರುಗಾಮುರುಗಾ ಕೆತ್ತಿದ್ದರೆ ಅವನ ತಪ್ಪಿಗೆ ಇವರು ಮನೆ ಮಾರುತ್ತಾರೆ. ಅಧ್ಯಕ್ಷರು ಅದು ಅಜ್ಜಿಯ ಕಾಸೇ ಅಂದುಕೊಂಡು, ಎದ್ದು ಅಂಗಿ ಹಾಕುವ ಮೊದಲೇ, ಫೋಟೋವನ್ನು ಮಹಾಮಂಡಲಿಗೆ ಕಳಿಸಿಬಿಟ್ಟರು.

ಆಮೇಲೆ ನೋಡಬೇಕಿತ್ತು. ಮಹಾಮಂಡಲಿಯ ದೊಡ್ಡ ಪಂಡಿತರು ಓಯಾಂಗ್ ಮೇಷ್ಟ್ರು. ಅವರು ಅವತ್ತು ಸಂಜೆಯೇ ಲೇಖನ ಬರೆದರು. ಇದು ಕೆಂಪು ತಾಮ್ರ, ಇಂಥ ಜೀವಂತ ಹೊಳಪನ್ನು ತಾವು ಜನ್ಮದಲ್ಲಿ ಕಂಡಿಲ್ಲ ಅಂದರು. ಫೋಟೋದಲ್ಲಿ ಅಂಚಿಗೆ ಒಂದು ಮಚ್ಚೆ ಬಿದ್ದಿತ್ತು; ಅದು ಎರಕ ಹೊಯ್ಯುವಾಗ ಸೇರಿದ ಮರಳಿನ ಕಣ ಅಂದರು. ಮಚ್ಚೆಯಲ್ಲಿ ಒಂದು ಕೂದಲಿತ್ತು. ಅದು ಹಿಂದಿನವರು ಕಾಸನ್ನು ಪೋಣಿಸಿದ ರೇಷ್ಮೆ ದಾರದ ಎಳೆ ಅಂದರು. ಬೆವರಿನ ರಂಧ್ರಗಳ ಬಗ್ಗೆ ಬೇರೆ ಒಂದು ಇಡೀ ಪ್ಯಾರಾ. ಮುಖಪುಟ ಶಾಂಗ್ ಅವರಿಗೇ ಅಂತ ಆಯಿತು. ಲಿಯಾಂಗ್ ದಿಂಬಿನ ದರ್ಜಿಗೆ ಫೋನು ಮಾಡಿ, ಸ್ವಲ್ಪ ತಡಿ ಅಂದನಂತೆ.

ಅವತ್ತು ಮನೆಯಲ್ಲಿ ಅಧ್ಯಕ್ಷರು ಸ್ನಾನಕ್ಕೆಂದು ಅಂಗಿ ಬಿಚ್ಚಿದಾಗ ಗುಯ್‌ಚಿನ್ ಹಿಂದೆ ನಿಂತಿದ್ದರು. ಒಮ್ಮೆ ಬೆನ್ನು ನೋಡಿದರು, ಒಮ್ಮೆ ಮೇಜಿನ ಮೇಲಿನ ಫೋಟೋ ನೋಡಿದರು.

“ಏನ್ರೀ, ಈ ಮಚ್ಚೆ ನಂಗೆ ಗೊತ್ತು,” ಅಂದರು. “ಮೂವತ್ತು ವರ್ಷದಿಂದ ಅದಕ್ಕೆ ಸೋಪು ಹಚ್ತಿದೀನಿ.”

ಅಧ್ಯಕ್ಷರು ಸ್ನಾನ ಮಾಡಲಿಲ್ಲ.

ನಿಜ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಮುಖಪುಟ ಹೋಯಿತು, ಮುಖಪುಟ ಹೋದರೆ ಕುರ್ಚಿ ಹೋಯಿತು. ಅಷ್ಟರಲ್ಲಿ ಮಹಾಮಂಡಲಿಯಿಂದ ಹೇಳಿ ಕಳಿಸಿದರು: ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕಾಸನ್ನು ತಂದು ತೋರಿಸಿ, ಪರೀಕ್ಷೆ ಮಾಡಿ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತೇವೆ. ಈಗೆಲ್ಲ ಹಾಗೆಯೇ, ಒಳ್ಳೆ ಕಾಸನ್ನು ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಅಂಕ ಬರೆದ ಚೀಟಿ ಅಂಟಿಸುತ್ತಾರೆ.

ದೀಪ ಹೊರಲು ನಾನೂ ಝೆಂಗ್‌ಝೌಗೆ ಹೋಗಿದ್ದೆ. ಉದ್ದ ಮೇಜು, ಅದರ ಹಿಂದೆ ಬಿಳಿ ಕೈಗವಸು ತೊಟ್ಟ ಪಂಡಿತರು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಕಾಸು ಎಲ್ಲಿ ಅಂತ ಓಯಾಂಗ್ ಮೇಷ್ಟ್ರು ಕೇಳಿದರು. ಅಧ್ಯಕ್ಷರು ತಿರುಗಿ ನಿಂತು ಅಂಗಿ ಎತ್ತಿದರು.

ಒಬ್ಬ ಪಂಡಿತರ ಭೂತಗನ್ನಡಿ ಚಹಾದೊಳಗೆ ಬಿತ್ತು. ಎಲ್ಲರೂ ಓಯಾಂಗ್ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ತಾವು ಬರೆದ ಲೇಖನದ ಮುಖ ನೋಡಿದರು. ಆಗಲೇ ಅಚ್ಚಾಗಿ ಊರೆಲ್ಲ ಹಂಚಿದ್ದ ಲೇಖನ. ಕೊನೆಗೆ ಅವರು ಎದ್ದು ಬಂದು, ಬೆನ್ನಿಗೆ ಮೂಗು ತಾಗಿಸಿ ನೋಡಿ, ಗಂಟಲು ಸರಿ ಮಾಡಿಕೊಂಡರು.

“ಫೋಟೋಗೂ ಮೂಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ,” ಅಂದರು. “ಅಸಲಿ.”

ಉಳಿದವರು ಚಪ್ಪಾಳೆ ತಟ್ಟಿದರು. ಜಿಡ್ಡಿನ ಲೆಕ್ಕದಲ್ಲಿ ಸ್ವಲ್ಪ ಅಂಕ ಕಳೆದರು, ಅಷ್ಟೇ. ಬೆನ್ನಿಗೆ ಡಬ್ಬಿಯ ಮುಚ್ಚಳವೊಂದನ್ನು ಟೇಪು ಹಚ್ಚಿ ಕೂರಿಸಿ, ಚೀಟಿ ಅಂಟಿಸಿದರು: ತೊಳೆಯಬಾರದು, ಉಜ್ಜಬಾರದು, ಬಿಸಿಲಿಗೆ ಒಡ್ಡಬಾರದು. ವಾಪಸು ಬರುವಾಗ ರೈಲಿನಲ್ಲಿ ಅಧ್ಯಕ್ಷರು ಒರಗದೆ ನೆಟ್ಟಗೆ ಕೂತಿದ್ದರು. ಬೆನ್ನು ತುರಿಸುತ್ತಿತ್ತು, ಆದರೆ ಮಹಾಮಂಡಲಿಯ ಸ್ವತ್ತನ್ನು ಕೆರೆಯುವುದು ಹೇಗೆ?

ಒಂದು ತೊಡಕಿತ್ತು. ಮುಖಪುಟಕ್ಕೆ ದೊಡ್ಡ ಫೋಟೋ ಇನ್ನೊಮ್ಮೆ ತೆಗೆಯಬೇಕು ಅಂತ ಅಚ್ಚಿನ ಮನೆಯವರು ದಿನ ಗೊತ್ತು ಮಾಡಿದ್ದರು. ಭರಣಿಯ ಗುರುತು ಅಲ್ಲಿಯವರೆಗೆ ಇರುತ್ತದೆಯೇ? ಮುಚ್ಚಳದ ಒಳಗೇ ದಾಳಿಂಬೆ ಹೋಗಿ ಬದನೆಯಾಯಿತು, ಬದನೆ ಹೋಗಿ ಹಳಸಿದ ಅರಿಸಿನವಾಯಿತು. ಓಯಾಂಗ್ ಮೇಷ್ಟ್ರು ದಿನವೂ ಫೋನು ಮಾಡಿ ಪಿಸುಗುಟ್ಟುತ್ತಿದ್ದರು, ಕಾಸು ಹೇಗಿದೆ, ಅಕ್ಷರ ಓದಲು ಬರುತ್ತದೆಯೇ ಅಂತ. ಗುಯ್‌ಚಿನ್ ಓದಿ ಹೇಳುತ್ತಿದ್ದರು. ಕೊನೆಗೆ ಓದಲು ಏನೂ ಉಳಿಯಲಿಲ್ಲ.

ಅಧ್ಯಕ್ಷರು ಮತ್ತೆ ತಾನ್ ಅಜ್ಜಿಯ ಹತ್ತಿರ ಹೋಗಿ ಕೆಮ್ಮಿದರು. ಅಜ್ಜಿ ನಾಡಿ ಹಿಡಿದಳು, ನಾಲಿಗೆ ನೋಡಿದಳು.

“ಗೂಳಿ ಹಂಗಿದ್ದೀಯ. ಕಾಯ್ಲೆ ಇಲ್ದಿರೋ ಬೆನ್ನಿಗೆ ನಾನು ಭರಣಿ ಹಾಕಲ್ಲ. ಮೊದ್ಲು ಕಾಯ್ಲೆ ತಗೊಂಡು ಬಾ.”

ಇದನ್ನು ಕೇಳಿ ಓಯಾಂಗ್ ಮೇಷ್ಟ್ರು ಮೊದಲ ರೈಲಿಗೇ ಓಡಿ ಬಂದರು. ಇಬ್ಬರೂ ಯೋಚನೆ ಮಾಡಿ, ಲೋ ನದಿಯ ಸೇತುವೆಯ ಮೇಲೆ, ಹೆಪ್ಪುಗಟ್ಟಿಸುವ ಗಾಳಿಯಲ್ಲಿ, ಅಧ್ಯಕ್ಷರನ್ನು ಬರಿ ಬನಿಯನ್ನಿನಲ್ಲಿ ನಿಲ್ಲಿಸಿದರು. ಮೇಷ್ಟ್ರು ಹೊಳೆಗಿಳಿದು ಬಕೆಟ್ಟಿನಲ್ಲಿ ನೀರು ತಂದು ಅವರ ತಲೆಗೆ ಸುರಿದರು. ಅಷ್ಟರಲ್ಲಿ ಸುದ್ದಿ ತಿಳಿದು ಲಿಯಾಂಗ್ ಬಂದ. ಅಧ್ಯಕ್ಷರಿಗೆ ನೆಗಡಿಯಾದರೆ ಅವನ ದಿಂಬು ವ್ಯರ್ಥವಲ್ಲವೇ? ಆತ ಫ್ಲಾಸ್ಕಿನ ತುಂಬ ಶುಂಠಿ ಬೆಲ್ಲದ ಕಷಾಯ ತಂದಿದ್ದ, ಕಂಕುಳಲ್ಲಿ ದಪ್ಪ ರಜಾಯಿ. ಮೇಷ್ಟ್ರು ತಣ್ಣೀರು ಸುರಿಯುವುದು, ಲಿಯಾಂಗ್ ರಜಾಯಿ ಹೊದಿಸಿ ಕಷಾಯ ಕುಡಿಸುವುದು. ನಿಮ್ಮ ಆರೋಗ್ಯವೇ ಸಂಘದ ಆರೋಗ್ಯ ಅಂತ ಬೇರೆ ಹೇಳುತ್ತಿದ್ದ. ಇಡೀ ಮಧ್ಯಾಹ್ನ ಇದೇ ನಡೆಯಿತು. ಸೇತುವೆಯ ಆ ತುದಿಯಲ್ಲಿ ಮೀನು ಹಿಡಿಯುತ್ತಿದ್ದವರು ಗಾಳ ಬಿಟ್ಟು ಬಂದು ಸುತ್ತ ಕೂತರು.

ಅಧ್ಯಕ್ಷರು ಸೀನಲಿಲ್ಲ. ಕೆನ್ನೆ ಸೇಬಿನ ಹಾಗಾಯಿತು, ಹಸಿವಾಗುತ್ತಿದೆ ಅಂದರು. ಸೀನಿದ್ದು ಓಯಾಂಗ್ ಮೇಷ್ಟ್ರು. ಹೊಳೆಗಿಳಿದು ಹತ್ತಿ ಅವರ ಹಲ್ಲು ಕಟಕಟ ಅನ್ನುತ್ತಿತ್ತು. ಶಾಂಗ್ ಒಳ್ಳೆಯ ಮನುಷ್ಯ ನೋಡಿ, ತಾವೇ ಮೇಷ್ಟ್ರನ್ನು ನನ್ನ ಗಾಡಿಗೆ ಹತ್ತಿಸಿಕೊಂಡು ಅಜ್ಜಿಯ ಮನೆಗೆ ತಂದರು. ಅಜ್ಜಿ ನಾಡಿ ನೋಡಿ, ಇದು ಕಾಯಿಲೆ ಅಂದಳು. ಎಣ್ಣೆ, ಕಾಸು, ಬೆಂಕಿ, ಭರಣಿ. ಭರಣಿ ಕಿತ್ತಾಗ ಎಂಥ ಅಚ್ಚು ಅಂತೀರಿ! ಪಂಡಿತರ ಬೆನ್ನು, ಚಪ್ಪಟೆ, ಒಂದು ಮಚ್ಚೆಯಿಲ್ಲ, ಒಂದು ಕೂದಲಿಲ್ಲ.

ಮೇಷ್ಟ್ರು ಕುತ್ತಿಗೆ ತಿರುಗಿಸಿ ನಾನು ತೆಗೆದ ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು.

“ಶಾಂಗ್ ಅವ್ರೇ, ಮನಸ್ಸಿಗೆ ಹಚ್ಕೋಬೇಡಿ,” ಅಂದರು. “ನನಗೆ ಮೊದ್ಲಿಂದ್ಲೂ ಒಂದು ಅನುಮಾನ ಇತ್ತು. ನಿಮ್ದು ನಕಲಿ.”

ಪುಸ್ತಕ ಬಂತು. ಮುಖಪುಟದಲ್ಲಿ ಕೆಂಪು ತಾಮ್ರ, ತಿರುಗಿದ ಅಕ್ಷರ. ಕೆಳಗೆ, ಓಯಾಂಗ್ ಅವರ ಸ್ವಂತ ಸಂಗ್ರಹ. ಒಳಗೆ ಅವರದೇ ಹೊಸ ಲೇಖನ: ಮಚ್ಚೆಯಿದ್ದರೆ ನಕಲಿ, ಕೂದಲಿದ್ದರೆ ಖಂಡಿತ ನಕಲಿ. ಸಂಘದವರು ಓದಿ ಹೆಬ್ಬೆರಳು ಎತ್ತಿದರು. ಲಿಯಾಂಗ್ ದಿಂಬಿನ ಮೇಲೆ ಕೂತ. ಶಾಂಗ್ ಮೇಜಿನಿಂದ ದೀಪಗಳನ್ನು ತೆಗೆದರು, ಗಂಡ ಹೆಂಡತಿ ಈಗ ಕೂತು ಊಟ ಮಾಡುತ್ತಾರೆ. ಗುಯ್‌ಚಿನ್ ಅವರನ್ನು ಕೇಳಿದರೆ ಅಷ್ಟಾದರೂ ಆಯಿತಲ್ಲ ಅನ್ನುತ್ತಾರೆ.

ಈಗ ಏಳು ಊರುಗಳ ನಾಣ್ಯಪ್ರಿಯರು ಒದ್ದೆ ಬನಿಯನ್ನಿನಲ್ಲಿ ನಮ್ಮ ಓಣಿಗೆ ಬರುತ್ತಾರೆ, ತಮ್ಮ ತಮ್ಮ ಬೆನ್ನಿಗೊಂದು ಅಪರೂಪದ ಕಾಸು ಬೇಕು ಅಂತ. ಅಜ್ಜಿ ಸುಮ್ಮನೆ ಬಂದವರನ್ನು ಮುಟ್ಟುವುದಿಲ್ಲ, ನಿಜವಾದ ಕಾಯಿಲೆಯೇ ಬೇಕು. ಅವರನ್ನು ನಿಲ್ದಾಣದಿಂದ ಕರೆತರುವುದು ನಾನೇ.

ಅಂದಹಾಗೆ, ನಾನು ಹೇಳುತ್ತಿರುವಾಗ ನೀವು ಕೈಯಡ್ಡ ಹಿಡಿದು ಮೆಲ್ಲಗೆ ಸೀನಿದ್ದು ನನಗೆ ಕೇಳಿಸಲಿಲ್ಲ ಅಂದುಕೊಂಡಿರಾ? ಏಳಿ, ಗಾಡಿ ಹತ್ತಿ, ಎಣ್ಣೆ ಅಲ್ಲೇ ಮೂಲೆ ಅಂಗಡಿಯಲ್ಲಿ ತಗೊಳ್ಳಿ, ನನಗೂ ಒಂದು ಸೀಸೆ ಇರಲಿ. ಮತ್ತೆ ದಯವಿಟ್ಟು ದಾರಿಯಲ್ಲಿ ಗುಣವಾಗಿಬಿಡಬೇಡಿ.