ಮುದ್ರೆಯಿಲ್ಲದ ಮೀನು

ಬುಟ್ಟಿಯ ಮೇಲಿನ ಒದ್ದೆ ಗೋಣಿತಟ್ಟು ಮೂರನೆಯ ಸಲ ಒಣಗಿತು. ಹೊಳಿಯಮ್ಮ ಅದನ್ನೊಯ್ದು ತುಂಗಭದ್ರೆಯಲ್ಲಿ ಅದ್ದಿ ತಂದು ಮತ್ತೆ ಹೊದಿಸಿದಳು. ಒಳಗೆ ಇಪ್ಪತ್ತು ಕೊರಮೀನುಗಳು ಇನ್ನೂ ಕಿವಿರು ಆಡಿಸುತ್ತಿದ್ದವು. ಉಸಿರಿರುವವರೆಗೆ ಈ ಮೀನಿಗೆ ಬೆಲೆ. ಉಸಿರು ನಿಂತರೆ ವೈಶಾಖದ ಬಿಸಿಲಲ್ಲಿ ಒಂದು ತಾಸಿಗೆ ನಾಯಿಯೂ ಮೂಸದು.

ಈಚೆ ದಂಡೆ ನಿಜಾಮರ ಸೀಮೆ, ಆಚೆ ದಂಡೆಯ ಕಂಪ್ಲಿ ಇಂಗ್ಲಿಷರದು. ನಡುವೆ ಹರಿಯುವ ಹೊಳೆಗೆ ಆ ಸುದ್ದಿ ಗೊತ್ತಿರಲಿಲ್ಲ. ದಂಡೆಯ ಮೇಲಿನ ಸುಂಕದ ನಾಕಾಕ್ಕೆ ಮಾತ್ರ ಗೊತ್ತಿತ್ತು. ಅಲ್ಲಿ ಲೆಕ್ಕ ಬರೆಯುವ ಮುನಸಿಯ ಮುದ್ರೆ ಬೀಳದೆ ಯಾವ ಮಾಲೂ ದಾಟುವಂತಿರಲಿಲ್ಲ. ಮುನಸಿ ಗಂಗಾವತಿಗೆ ಮದುವೆಯೂಟಕ್ಕೆ ಹೋಗಿದ್ದ. ಮುದ್ರೆಗೇನು, ಪೆಟ್ಟಿಗೆಯೊಳಗೆ ತಣ್ಣಗಿರುತ್ತದೆ.

ಕಂಪ್ಲಿಯ ಖಾನಾವಳಿಯ ಫಕ್ರುದ್ದೀನ ಹಿಂದಿನ ವಾರವೇ ಹೇಳಿಬಿಟ್ಟಿದ್ದ: ಎರಡು ಸಲ ಸತ್ತ ಮೀನು ತಂದಿರಿ, ಮೂರನೆಯ ಸಲವೂ ತಂದರೆ ನಿಮ್ಮ ಮೀನು ಬೇಡ, ನಮ್ಮ ದಂಡೆಯವರ ಹತ್ತಿರವೇ ಕೊಳ್ಳುತ್ತೇನೆ. ಕಂಪ್ಲಿ ದಂಡೆಯವರಿಗೆ ದಾಟಬೇಕಾದ ನಾಕಾ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಳಿಯಮ್ಮನ ಮನೆಯ ಒಲೆ ಹೊತ್ತುತ್ತಿದ್ದದ್ದು ಆ ಒಂದು ಖಾನಾವಳಿಯಿಂದ.

"ಖಾಲಿ ಹರಗೋಲ ಹೋಗಬಹುದೇನ್ರಿ?" ಎಂದು ನಾಕಾದ ಜವಾನ ಹುಸೇನಪ್ಪನನ್ನು ಕೇಳಿದಳು.

"ಮಂದಿ ಹೋಗಬಹುದು, ಮಾಲ್ ಹೋಗಂಗಿಲ್ಲ. ಯಾಕವಾ, ಮೀನ ನನಗ ಬಿಟ್ಟು ಹೊಂಟಿಯೇನು?"

ಅವಳು ಬುಟ್ಟಿಯನ್ನು ಹರಿಗೋಲಿನ ಬಳಿಗೆ ಒಯ್ದಳು. ಪುಂಡಿನಾರಿನ ಹಗ್ಗ ಬಿಚ್ಚಿ, ಒಂದೊಂದೇ ಮೀನಿನ ಕಿವಿರಿನೊಳಗೆ ಹಾಯಿಸಿ ಅದರ ಬಾಯಿಂದ ಹೊರಗೆ ಎಳೆದಳು. ಇಪ್ಪತ್ತೂ ಪೋಣಿಸಿದ ಮೇಲೆ ಹಗ್ಗವನ್ನು ಹರಿಗೋಲಿನ ಅಂಚಿಗೆ ಕಟ್ಟಿ ನೀರಿಗೆ ಇಳಿಬಿಟ್ಟಳು. ಬರಿ ಬುಟ್ಟಿ ತಂದು ಹುಸೇನಪ್ಪನ ಮುಂದೆ ಬೋರಲು ಹಾಕಿ ತಟ್ಟಿದಳು.

ಅವನು ನೀರು ನೋಡಿದ, ಬುಟ್ಟಿ ನೋಡಿದ, ಬೀಡಿ ಹಚ್ಚಿದ. "ನೀರಾಗಿನ ಮೀನಿಗೆ ಮುದ್ರಿ ಹೊಡಿಯೂದು ನಮ್ಮ ಮುನಸೀಗೂ ಬರಂಗಿಲ್ಲ. ಹೋಗು."

ಹರಿಗೋಲಿನಲ್ಲಿ ಕುಳಿತಿದ್ದ ಅವಳ ಮಾವ ಓಬಳೆಪ್ಪ ಇದನ್ನೆಲ್ಲ ಕಂಡಿದ್ದ. ಅವನ ಲೆಕ್ಕದಲ್ಲಿ, ಹಿಡಿದ ಮೀನು ಮತ್ತೆ ಹೊಳೆಗಿಳಿದರೆ ಅದು ಹೊಳೆತಾಯಿ ಗಂಗವ್ವನ ಪಾಲು. ಅದನ್ನು ಮರಳಿ ಎತ್ತಿದ ಅಂಬಿಗನನ್ನು ಅವಳು ಉಳಿಸುವುದಿಲ್ಲ. ಅವನ ಅಪ್ಪ, ಅಜ್ಜ ಯಾರೂ ಎತ್ತಿದವರಲ್ಲ. ಜವಾನನ ಎದುರಿಗೆ ಬಾಯಿ ಬಿಡದೆ ದಂಡೆ ಬಿಟ್ಟವನು, ನಡುಹೊಳೆಗೆ ಬಂದೊಡನೆ ಹುಟ್ಟು ಎತ್ತಿ ಮೊಣಕಾಲ ಮೇಲಿಟ್ಟುಕೊಂಡ.

"ಕೊಟ್ಟಿದ್ದನ್ನ ಕಸಗೊಳ್ಳಾಕ ನಾ ಹುಟ್ಟ ಹಾಕಂಗಿಲ್ಲ."

"ಕೊಟ್ಟಿಲ್ಲ ಮಾವ, ಕಟ್ಟೀನಿ."

"ಗಂಗವ್ವಗ ನಿನ್ನ ಹಗ್ಗ ಕಾಣತೈತೇನು?"

"ಇಷ್ಟು ವರ್ಷ ಆಕೀಗೆ ನಾಕಾನ ಕಂಡಿಲ್ಲ. ಹಗ್ಗ ಹೆಂಗ ಕಂಡೀತು?"

ಹರಿಗೋಲು ಸೆಳವಿಗೆ ಸಿಕ್ಕು ಮೆಲ್ಲಗೆ ಕೆಳಗಡೆ ಜಾರತೊಡಗಿತು. ಅವರ ಮನೆತನದಲ್ಲಿ ಹೆಣ್ಣಿನ ಕೈ ಹುಟ್ಟು ಮುಟ್ಟಿದ್ದಿಲ್ಲ. ಹೊಳಿಯಮ್ಮ ಮಾವನ ಮೊಣಕಾಲ ಮೇಲಿನಿಂದ ಅದನ್ನು ಎತ್ತಿಕೊಂಡಳು. ಅವನು ಬೇಡವೆನ್ನಲಿಲ್ಲ, ಬೆನ್ನು ತಿರುಗಿಸಿ ಕುಳಿತ.

ಅವಳು ಹುಟ್ಟು ಹಾಕಿದಳು. ಹರಿಗೋಲು ಮುಂದೆ ಹೋಗದೆ ಬುಗುರಿಯಂತೆ ತಿರುಗಿತು. ನಾಕಾದ ಕಡೆಯಿಂದ ಹುಸೇನಪ್ಪ ನಗುವುದು ಕೇಳಿಸಿತು. ತೋಳುಗಳು ಆಗಲೇ ಸೋತಿದ್ದವು. ನೀರೊಳಗೆ ಮೀನುಗಳು ಹಗ್ಗ ಜಗ್ಗುತ್ತಿದ್ದವು. ಅವಳು ಮತ್ತೆ ಹಾಕಿದಳು, ಮತ್ತೆ ತಿರುಗಿತು. ನಾಕಾ ಬಂತು, ಮಾವನ ಬೆನ್ನು ಬಂತು, ಕಂಪ್ಲಿಯ ದಂಡೆ ಬಂತು. ಮತ್ತೆ ನಾಕಾ, ಮತ್ತೆ ಬೆನ್ನು. ಒಂದೊಂದು ಸುತ್ತಿಗೂ ಕಂಪ್ಲಿಯ ದಂಡೆ ಗೇಣಷ್ಟು ಹತ್ತಿರ ಬಂದಿರುತ್ತಿತ್ತು.